14 ಸಾವಿರದ ಆರ್‌ಓ, ಒಲೆ ಮೇಲಿನ ಪಾತ್ರೆ

ನಮ್ಮ ಮನೆಯಲ್ಲಿ ಈಗ ಕುಡಿಯುವುದು ಕುದಿಸಿದ ನೀರು. 14 ಸಾವಿರ ಕೊಟ್ಟು ತಂದ, ನೀರಿನ ಲವಣ ಸೋಸಿ ತೆಗೆಯುವ ಆರ್‌ಓ ಯಂತ್ರ ಅಡುಗೆಮನೆ ಗೋಡೆಯಲ್ಲಿ ಸುಮ್ನೆ ನೇತಾಡುತ್ತಿದೆ.

ಮನೆ ಉಡುಪಿ ಹತ್ತಿರ, ಅಂಗಳದಲ್ಲೇ ಬಾವಿ. ಹೋದ ವರ್ಷ ಮಳೆ ಹಿಡಿದ ಹೊಸತರಲ್ಲಿ ಮಗಳಿಗೆ ಎರಡು ಸಲ ಹೊಟ್ಟೆ ಕೆಟ್ಟಿತು. ಅದೇ ಹೊತ್ತಿಗೆ ಯಂತ್ರ ಮಾರುವ ಹುಡುಗ ಬಂದ. ಒಂದು ಲೋಟದಲ್ಲಿ ನಮ್ಮ ಬಾವಿ ನೀರು, ಇನ್ನೊಂದರಲ್ಲಿ ಅವನು ತಂದ ಆರ್‌ಓ ನೀರು. ಎರಡಕ್ಕೂ ಕರೆಂಟಿನ ಕಡ್ಡಿ ಅದ್ದಿದ. ಬಾವಿ ನೀರು ನೋಡನೋಡುತ್ತ ಕಂದಾಗಿ ಗಸಿ ಕಟ್ಟಿತು. "ಅಯ್ಯೋ ದೇವರೇ, ಇಷ್ಟು ವರ್ಷ ಇದನ್ನಾ ಕುಡಿದದ್ದು?" ಎಂದರು ಅತ್ತೆ. ಅಲ್ಲಿಗೆ ವ್ಯಾಪಾರ ಕುದುರಿತು.

ಆ ಕಂದು ಬಣ್ಣ ಕಬ್ಬಿಣದ ಕಡ್ಡಿಯದ್ದು ಅಂತ ಗೊತ್ತಾದದ್ದು ಆಮೇಲೆ. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಕಡ್ಡಿಯ ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಓ ನೀರಿನಲ್ಲಿ ಲವಣ ತೀರಾ ಕಡಿಮೆ, ಅದು ತಿಳಿಯಾಗಿಯೇ ಉಳಿಯುತ್ತದೆ. ಅದಕ್ಕೊಂದು ಚಿಟಿಕೆ ಉಪ್ಪು ಹಾಕಿದ್ದರೆ ಅದೂ ಕಂದಾಗುತ್ತಿತ್ತು. ಲವಣ ಅಳೆಯುವ ಟಿಡಿಎಸ್ ಮೀಟರ್ ಅವನ ಕೈಯಲ್ಲೇ ಇತ್ತು, ನಮ್ಮ ಬಾವಿಗೆ 58 ತೋರಿಸಿತ್ತು! ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 500ರವರೆಗೆ ಅಡ್ಡಿಯಿಲ್ಲ. ಕಡಲ ಬದಿಯ ಉಪ್ಪು ಬಾವಿಯವರಿಗೆ ಆರ್‌ಓ ಬೇಕಾದೀತು. ನಮಗೆ ಯಾಕೆ, ಅಲ್ವಾ?

ಆರ್‌ಓ ರೋಗಾಣು ತಡೆಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆಟಿ ತಿಂಗಳ (ಜುಲೈ-ಆಗಸ್ಟ್ ಮಳೆಯ) ಕೆಂಪು ನೀರಿಗೆ ಅದರ ಮುಂದಿನ ಫಿಲ್ಟರ್ ಮೂರೇ ವಾರದಲ್ಲಿ ಕಟ್ಟಿಕೊಂಡಿತು. ಗಾಳಿ ಮಳೆಗೆ ಕರೆಂಟು ಹೋದರೆ ನೀರೂ ಇಲ್ಲ. ಕೊಡಕ್ಕೆ ಸಿಗುವುದಕ್ಕಿಂತ ಪೈಪಿನಲ್ಲಿ ಹೊರಗೆ ಹೋಗುವುದೇ ಜಾಸ್ತಿ. ಬಸಳೆ ಚಪ್ಪರಕ್ಕೆ ಬಿಟ್ಟೆವು, ಬಸಳೆ ಮಾತ್ರ ಚೆನ್ನಾಗಿ ಬಂತು.

ಸ್ಟೀಲಿನ ಕ್ಯಾಂಡಲ್ ಫಿಲ್ಟರ್ ಮಾವನ ಕಾಲದ್ದು. ಕೆಸರು ಹಿಡಿಯುತ್ತದೆ, ಕರೆಂಟು ಬೇಡ. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಉಜ್ಜಬೇಕು. ಕಾಮಾಲೆಯ ವೈರಸ್ ತೀರಾ ಸಣ್ಣದು, ಕ್ಯಾಂಡಲ್ ದಾಟಿ ಬರಬಹುದು. ಅದೊಂದನ್ನೇ ನಂಬಿ ಕೂರುವ ಧೈರ್ಯ ನನಗಿಲ್ಲ.

ಕ್ಲೋರಿನ್ ಮಾತ್ರೆ ಪ್ರಯಾಣಕ್ಕೆ ಸರಿ. ಮನೆಯಲ್ಲಿ ಆ ವಾಸನೆಗೆ ಮಗಳು ಲೋಟವನ್ನೇ ಮುಟ್ಟಲಿಲ್ಲ.

ಕುದಿಸುವುದಕ್ಕೆ ನನ್ನ ಕ್ರಮ ಇಷ್ಟೇ. ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ, ಹಳೆ ಬೈರಾಸನ್ನು (ಟವೆಲ್) ನಾಲ್ಕು ಮಡಿಕೆ ಮಾಡಿ ನೀರು ಸೋಸುತ್ತೇನೆ. ಲಾವಂಚದ ಬೇರು ತೊಳೆದು ಹಾಕುತ್ತೇನೆ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ನಮ್ಮದು ಕರಾವಳಿ, ಎತ್ತರದ ಊರಲ್ಲ. ಮುಚ್ಚಳ ಹಾಕಿ ಅದೇ ಪಾತ್ರೆಯಲ್ಲಿ ಬಿಟ್ಟರೆ ಬೆಳಿಗ್ಗೆ ತಣ್ಣಗಾಗಿರುತ್ತದೆ. ಲೋಟ ಅದ್ದಲು ಯಾರಿಗೂ ಬಿಡುವುದಿಲ್ಲ, ಉದ್ದ ಹಿಡಿಯ ಸೌಟೇ ಆಗಬೇಕು. ನಾವು ನಾಲ್ಕು ಜನ, ಹತ್ತು ಲೀಟರ್ ಸಾಕಾಗುತ್ತದೆ. ಗ್ಯಾಸ್ ಸ್ವಲ್ಪ ಬೇಗ ಮುಗಿಯುತ್ತದೆ. ಆದರೂ ಯಂತ್ರದ ವರ್ಷದ ಸರ್ವಿಸ್ ಖರ್ಚಿಗಿಂತ ಕಡಿಮೆಯೇ.

ನೆಂಟರು ಬರುವ ಹಿಂದಿನ ರಾತ್ರಿ ಎರಡು ಪಾತ್ರೆ ಕುದಿಸಿಡಬೇಕು. ಹೇಳದೆ ಬಂದರೆ ಬಿಸಿ ನೀರೇ ಗತಿ.