ಹಾಲಾಂಗ್ ಒಂದು ದಿನದ ಕ್ರೂಸ್: ದೋಣಿಯಲ್ಲೇ ಉಳಿದವಳ ಲೆಕ್ಕ

ತಲೆಗೆ 48 ಡಾಲರ್. ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿ, ಮೇಲೆ ಒಂದಿಷ್ಟು. ವಿಯೆಟ್ನಾಂನ ಹನೋಯ್‌ನಲ್ಲಿ ಹೋಟೆಲ್ ಬಾಗಿಲಿಗೆ ಬಂದು ಹತ್ತಿಸಿಕೊಂಡು, ಹಾಲಾಂಗ್ ಕೊಲ್ಲಿಯಲ್ಲಿ ದೋಣಿ ಸುತ್ತಿಸಿ, ಊಟ ಹಾಕಿ, ರಾತ್ರಿ ಅದೇ ಬಾಗಿಲಿಗೆ ತಂದು ಬಿಡುತ್ತಾರೆ. ಮುಂಬೈ ಪಕ್ಕದ ಡೊಂಬಿವಲಿಗೆ ಮರಳಿದ ದಿನದಿಂದ ನಮ್ಮ ಸೊಸೈಟಿಯ ಕನ್ನಡದವರೆಲ್ಲ ಒಬ್ಬೊಬ್ಬರಾಗಿ ಕೇಳುತ್ತಿದ್ದಾರೆ: "ಅಕ್ಕಾ, ಒಂದು ದಿನದ್ದು ಸಾಕಾ? ರಾತ್ರಿ ದೋಣಿಯಲ್ಲೇ ಮಲಗೋದು ತಗೋಬೇಕಾ?" ಲಿಫ್ಟಿನಲ್ಲಿ ನಿಂತು ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯಲು ಕೂತೆ.

ನನಗೆ ದೋಣಿ ಹೊಸದೇನಲ್ಲ. ಕುಮಟಾ ಕಡೆಯವಳು, ಅಘನಾಶಿನಿ ದಾಟಿ ತದಡಿಗೆ ಹೋಗುತ್ತಿದ್ದದ್ದೇ ದೋಣಿಯಲ್ಲಿ. ಮುಂಬೈಗೆ ಬಂದ ಮೇಲೂ ಊರಿಂದ ಯಾರೇ ಬರಲಿ, ಗೇಟ್‌ವೇಯಲ್ಲಿ ಲಾಂಚ್ ಹತ್ತಿಸಿ ಎಲಿಫೆಂಟಾ ತೋರಿಸುವ ಕೆಲಸ ನನ್ನದೇ. ತಾಸಿನ ದಾರಿ, ಮೇಲೆ ಹೋಗಿ ಕೂರಬೇಕೆಂದರೆ ಹತ್ತು ರೂಪಾಯಿ ಬೇರೆ. ಹಾಗಾಗಿ ಕ್ರೂಸ್ ಎಂಬ ಶಬ್ದಕ್ಕೆ ನಾನು ಸುಲಭಕ್ಕೆ ಮರುಳಾಗುವವಳಲ್ಲ. ನಮ್ಮ ಮನೆಯವರು ಮರುಳಾದರು. ಏಜೆಂಟ್ ಕಳಿಸಿದ ಪಟದಲ್ಲಿ ನೀರು ಪಚ್ಚೆ, ಆಕಾಶ ನೀಲಿ, ಡೆಕ್ಕಿನ ಮೇಲೆ ಬಿಳಿ ಕುರ್ಚಿ. ನಾವು ಹೋದದ್ದು ಮಾರ್ಚ್ ಮೊದಲ ವಾರ.

ಹನೋಯ್‌ನಿಂದ ಹಾಲಾಂಗ್‌ಗೆ ಸುಮಾರು 150 ಕಿಲೋಮೀಟರ್, ಹೆಚ್ಚುಕಮ್ಮಿ ನಮ್ಮ ಮುಂಬೈ–ಪುಣೆ. ಎಕ್ಸ್‌ಪ್ರೆಸ್‌ವೇ ಇದೆ, ಎರಡೂವರೆ ತಾಸು ಅಂದಿದ್ದರು. ವ್ಯಾನನ್ನು ಅವರು ಲಿಮೋಸಿನ್ ಎನ್ನುತ್ತಾರೆ. ಗಾಬರಿ ಬೇಡ, ಟೆಂಪೋ ಟ್ರಾವೆಲರ್‌ಗೆ ಒಳ್ಳೆ ಸೀಟು ಹಾಕಿದರೆ ಅದೇ. ಲೋನಾವಳದಲ್ಲಿ ಚಿಕ್ಕಿ ಅಂಗಡಿಯೆದುರು ನಿಲ್ಲಿಸುತ್ತಾರಲ್ಲ, ಇಲ್ಲಿ ಮುತ್ತಿನ ಅಂಗಡಿಯೆದುರು ನಿಲ್ಲಿಸಿದರು. ಒಬ್ಬ ಹುಡುಗಿ ಸಿಂಪಿ ಬಾಯಿ ಬಿಡಿಸಿ ಮುತ್ತು ತೋರಿಸಿದಳು, ಉಳಿದ ಮೂವತ್ತೈದು ನಿಮಿಷ ಬೆಲೆಪಟ್ಟಿ ತೋರಿಸಿದರು. ನಾವು ಏನೂ ಕೊಳ್ಳಲಿಲ್ಲ. ಶೌಚಾಲಯ ಮಾತ್ರ ಚೊಕ್ಕಟವಾಗಿತ್ತು, ಅದಕ್ಕೆ ಪೂರ್ತಿ ಅಂಕ.

ನನ್ನ ದೊಡ್ಡ ತಕರಾರು ಸಮಯದ್ದು. ವ್ಯಾನ್ ಹತ್ತಿದ್ದು 7:45ಕ್ಕೆ. ದೋಣಿ ಧಕ್ಕೆ ಬಿಟ್ಟದ್ದು 12:10ಕ್ಕೆ. ಮತ್ತೆ ಧಕ್ಕೆಗೆ ತಾಗಿದ್ದು 5:20ಕ್ಕೆ, ಹೋಟೆಲ್ ಮುಟ್ಟಿದ್ದು 8:45ಕ್ಕೆ. ಹದಿಮೂರು ತಾಸಿನಲ್ಲಿ ನೀರಿನ ಮೇಲಿದ್ದದ್ದು ಐದು ತಾಸು ಹತ್ತು ನಿಮಿಷ, ಅದರಲ್ಲೂ ಊಟಕ್ಕೆ ಒಂದು ತಾಸು ಒಳಗೆ ಕೂರಬೇಕು. ಚೀಟಿಯಲ್ಲಿ ಬರೆದದ್ದು ಆರು ತಾಸಿನ ಕ್ರೂಸ್ ಎಂದು. ಕೇಳಿದರೆ ಧಕ್ಕೆಯಲ್ಲಿ ಕಾದ ಮುಕ್ಕಾಲು ತಾಸನ್ನೂ ಏಜೆಂಟ್ ಅದರಲ್ಲೇ ಸೇರಿಸಿದ. ಬದ್ಲಾಪುರ ಲೋಕಲ್‌ಗೆ ಪ್ಲಾಟ್‌ಫಾರ್ಮಿನಲ್ಲಿ ಕಾದದ್ದನ್ನೂ ಪ್ರಯಾಣ ಅಂದರೆ ನಾನು ಇಷ್ಟೊತ್ತಿಗೆ ಅರ್ಧ ಭೂಮಿ ಸುತ್ತಿರಬೇಕು.

ದೋಣಿ ಹತ್ತಿದ ಕೂಡಲೇ ನಾನು ನೋಡಿದ್ದು ಲೈಫ್ ಜಾಕೆಟ್ ಎಲ್ಲಿದೆ ಎಂದು. 2024ರ ಡಿಸೆಂಬರಿನಲ್ಲಿ ನಮ್ಮ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ದೋಣಿಗೆ ನೌಕಾಪಡೆಯ ಬೋಟು ಗುದ್ದಿ ಜನ ಸತ್ತದ್ದನ್ನು ಮುಂಬೈಯವರು ಯಾರೂ ಮರೆಯುವುದಿಲ್ಲ. 2025ರ ಜುಲೈಯಲ್ಲಿ ಇದೇ ಹಾಲಾಂಗಿನಲ್ಲಿ ಹಠಾತ್ ಬಿರುಗಾಳಿಗೆ ಪ್ರವಾಸಿಗಳ ದೋಣಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಹೋದರು. ನಮ್ಮ ದೋಣಿಯಲ್ಲಿ ಪ್ರತಿ ಸೀಟಿನ ಕೆಳಗೂ ಜಾಕೆಟ್ ಇತ್ತು, ಗೈಡ್ ಹುಡುಗ ಹಾಕಿಕೊಂಡೇ ತೋರಿಸಿದ. ಬಕಲ್ ಒಂದೆರಡು ಕಡೆ ಮುರಿದಿತ್ತು. ಹೇಳಿದೆ, ಬದಲಿಸಿ ಕೊಟ್ಟ.

ಊಟದ ಕಥೆ ಬಿಡಿಸಿಯೇ ಹೇಳುತ್ತೇನೆ, ನಮ್ಮವರು ಮೊದಲು ಕೇಳುವುದೇ ಅದನ್ನು. ಬುಕ್ ಮಾಡುವಾಗಲೇ ವೆಜ್ ಎಂದು ಎರಡು ಸಲ ಬರೆದಿದ್ದೆವು. ಮೇಜಿಗೆ ಬಂದದ್ದು ಕರಿದ ಸುರುಳಿ, ಒಳಗೆ ಕ್ಯಾರೆಟ್, ಶಾವಿಗೆ. ಪಕ್ಕದಲ್ಲಿ ಬಟ್ಟಲಲ್ಲಿ ಕೆಂಜೇನಿನ ಬಣ್ಣದ ತಿಳಿ ನೀರು, ಮೇಲೆ ಮೆಣಸಿನಚೂರು ತೇಲುತ್ತಿತ್ತು. ಮೂಗಿನ ಹತ್ತಿರ ತಂದೆ ನೋಡಿ, ಕುಮಟಾ ಮೀನುಪೇಟೆಯೇ ಎದುರಿಗೆ ಬಂತು. ಅದು ನ್ಯುಕ್ ಮಾಮ್, ಮೀನನ್ನು ಉಪ್ಪಿನಲ್ಲಿ ಕೊಳೆಹಾಕಿ ಇಳಿಸಿದ ರಸ. ಅಲ್ಲಿಯವರಿಗೆ ಅದು ಉಪ್ಪಿದ್ದ ಹಾಗೆ, ಮಾಂಸಾಹಾರದ ಲೆಕ್ಕಕ್ಕೇ ಬರುವುದಿಲ್ಲ. ತಪ್ಪು ಅಡುಗೆಯವನದಲ್ಲ, ವೆಜ್ ಎಂಬ ನಮ್ಮ ಶಬ್ದದ್ದು. ಅಲ್ಲಿ ಹೇಳಬೇಕಾದ್ದು "ಆನ್ ಚಾಯ್". ಬೌದ್ಧರ ಸಸ್ಯಾಹಾರ ಅದು, ಮೀನಿನ ರಸವೂ ಇಲ್ಲ, ಶಾಸ್ತ್ರ ಪಾಲಿಸುವವರು ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ನಾನು "ಚಾಯ್, ಚಾಯ್" ಎಂದು ಕೈಮಾಡುತ್ತಿದ್ದರೆ ನಮ್ಮ ಮನೆಯವರು, "ಊಟದ ಹೊತ್ತಿಗೆ ಎಂಥಾ ಚಹಾವೇ ನಿಂದು?" ಅಂದರು.

ಆ ಒಂದು ಶಬ್ದಕ್ಕೆ ಅಡುಗೆಮನೆಯಿಂದ ಬೇರೆಯೇ ತಟ್ಟೆಗಳು ಬಂದವು. ಟೊಮೆಟೊ ರಸದಲ್ಲಿ ಹೊರಳಾಡಿಸಿದ ತೋಫು, ನೀರಿನಲ್ಲಿ ಬೆಳೆಯುವ ಟೊಳ್ಳು ದಂಟಿನ ಸೊಪ್ಪಿನ ಬಿಸಿ ಬಿಸಿ ಪಲ್ಯ, ಅಂಟು ಅಂಟಾದ ಅನ್ನ. ಖಾರ ಇಲ್ಲ, ಹುಳಿ ಇಲ್ಲ. ಆದರೂ ಆ ಸೊಪ್ಪು ಹದವಾಗಿ ಬೆಂದಿತ್ತು, ದಂಟು ಹಲ್ಲಿಗೆ ಕರುಂ ಅನ್ನುತ್ತಿತ್ತು. ನಾನು ಪರ್ಸಿನಿಂದ ಮಾವಿನಮಿಡಿ ಉಪ್ಪಿನಕಾಯಿ ತೆಗೆದೆ, ಎದುರು ಕೂತ ಕೊರಿಯಾದ ಹುಡುಗಿಯೂ ಒಂದು ಮಿಡಿ ಇಸಿದುಕೊಂಡಳು. ಕುಡಿಯುವುದಕ್ಕೆ ಮಾತ್ರ ಬೇರೆ ದುಡ್ಡು, ಸೋಡಾ ಒಂದಕ್ಕೆ 40,000 ಡಾಂಗ್. ನೂರ ಮೂವತ್ತು ರೂಪಾಯಿ ಚಿಲ್ಲರೆ.

ಈಗ ಬೆಟ್ಟಗಳು. ಪಚ್ಚೆ ನೀರು, ನೀಲಿ ಆಕಾಶ ಎರಡೂ ಇರಲಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಅಲ್ಲಿ ಮಂಜು, ಜಿಟಿಜಿಟಿ ಸೋನೆ. ತಿಳಿ ಆಕಾಶ ಬೇಕಾದವರು ಅಕ್ಟೋಬರ್, ನವೆಂಬರಿನಲ್ಲಿ ಹೋಗಬೇಕು. ಏಜೆಂಟ್ ಇದನ್ನು ಹೇಳಲಿಲ್ಲ, ಹೇಳಿದ್ದರೆ ನಾವು ಹೋಗುತ್ತಿರಲಿಲ್ಲವೇನೋ. ಹೇಳದೆ ಒಳ್ಳೆಯದೇ ಮಾಡಿದ. ದೋಣಿ ಅರ್ಧ ತಾಸು ಹೋದ ಮೇಲೆ ಮಂಜಿನೊಳಗಿಂದ ಒಂದು ಕರಿ ಗೋಡೆ ಎದ್ದು ಬಂತು, ಅದರ ಹಿಂದೆ ಬೂದು ಬಣ್ಣದ್ದು, ಅದರ ಹಿಂದೆ ಇದೆಯೋ ಇಲ್ಲವೋ ಎಂಬಂಥದ್ದು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ರೀ, ಯಾಣ!"

ಸುಳ್ಳಲ್ಲ. ನಮ್ಮ ಯಾಣದ ಬಂಡೆಯೂ ಸುಣ್ಣದಕಲ್ಲೇ, ಭೈರವೇಶ್ವರ ಶಿಖರ 120 ಮೀಟರ್. ಹಾಲಾಂಗಿನಲ್ಲಿ ಅಂಥವು ಸರ್ಕಾರಿ ಲೆಕ್ಕದಲ್ಲೇ 1,969 ಇವೆ. ನೂರಾರು ಯಾಣಗಳಿದ್ದ ಬಯಲಿಗೆ ಕಡಲು ನುಗ್ಗಿ ಸೊಂಟದ ಮಟ್ಟಕ್ಕೆ ನಿಂತರೆ ಹೇಗೋ ಹಾಗೆ. ಆದದ್ದೂ ಅದೇ: ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ತುಸು ಹುಳಿಯಾಗುತ್ತದೆ, ಆ ಹುಳಿ ಸುಣ್ಣದಕಲ್ಲನ್ನು ಕರಗಿಸುತ್ತ ಕಣಿವೆ, ಗವಿ ಕೊರೆಯುತ್ತದೆ, ಹಿಮಯುಗ ಮುಗಿದು ಸಮುದ್ರ ಏರಿದಾಗ ತುದಿಗಳಷ್ಟೇ ಮೇಲೆ ಉಳಿದವು. ಕಲ್ಲಿನ ವಯಸ್ಸು ಮೂವತ್ತು ಕೋಟಿ ವರ್ಷದ ಆಸುಪಾಸು, ಹುಟ್ಟಿದ್ದು ಕಡಲಜೀವಿಗಳ ಚಿಪ್ಪು ಕೂಡಿ ಕೂಡಿ. ನಮ್ಮಲ್ಲಿ ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು, ಅಜ್ಜಿಯ ಎಲೆಸಂಚಿಯ ಡಬ್ಬಿಯಲ್ಲಿ ಇದ್ದದ್ದು ಅದೇ. ಆ ಡಬ್ಬಿಯ ಸುಣ್ಣ, ಈ ಬೆಟ್ಟ, ಎರಡೂ ಒಂದೇ ವಂಶ.

ಗೈಡ್ ಹೇಳಿದ್ದು ಡ್ರ್ಯಾಗನ್ ಕಥೆ. ಹಾಲಾಂಗ್ ಅಂದರೆ ಇಳಿದು ಬಂದ ಡ್ರ್ಯಾಗನ್, ಅದು ಉಗುಳಿದ ರತ್ನಗಳೇ ದ್ವೀಪಗಳಂತೆ. ನಾನು ಅವನಿಗೆ ನಮ್ಮ ಯಾಣದ ಭಸ್ಮಾಸುರನ ಕಥೆ ಹೇಳಿದೆ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎನ್ನುವುದನ್ನು ಇಂಗ್ಲಿಷಿಗೆ ತಿರುಗಿಸಲು ನಮ್ಮ ಮನೆಯವರು ಹೆಣಗಾಡಿದರು, ಆಗಲಿಲ್ಲ. ಅಷ್ಟರಲ್ಲಿ ಧೂಪದ ಬಟ್ಟಲಿನಂಥ ಸಣ್ಣ ಬಂಡೆ ಬಂತು. ಎರಡು ಲಕ್ಷ ಡಾಂಗ್ ನೋಟಿನ ಹಿಂಬದಿಯಲ್ಲಿ ಅದರದ್ದೇ ಚಿತ್ರ. ಎಲ್ಲರೂ ನೋಟು ಎತ್ತಿ ಹಿಡಿದು ಫೋಟೋ ತೆಗೆದರು, ನಾವೂ ತೆಗೆದೆವು.

ಬೆಟ್ಟಗಳ ಬುಡ ನೋಡಲು ಮರೆಯಬೇಡಿ. ನೀರು ತಾಗುವ ಕಡೆ ಸುತ್ತಲೂ ಕಚ್ಚಿದ ಹಾಗೆ ಒಳಗೆ ಹೋಗಿದೆ, ಇಲಿ ಕೊರೆದ ತೆಂಗಿನಕಾಯಿಯ ಹಾಗೆ. ಉಬ್ಬರ ಇಳಿತ ತಿಂದದ್ದು. ಆ ಕೊಲ್ಲಿಯಲ್ಲಿ ದಿನಕ್ಕೆ ಒಂದೇ ಉಬ್ಬರ, ಒಂದೇ ಇಳಿತ ಎಂದು ಗೈಡ್ ಹೇಳಿದಾಗ ನಾನು ನಂಬಲಿಲ್ಲ, ನಮ್ಮ ಕಡೆ ಎರಡೆರಡಲ್ಲವೇ? ಆಮೇಲೆ ವಿಚಾರಿಸಿದೆ, ಹುಡುಗ ಹೇಳಿದ್ದೇ ಸರಿ.

ಸುಂಗ್ ಸೋತ್ ಗವಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗವಿ ದೊಡ್ಡದು, ಚೆಂದ. ಫ್ರೆಂಚರು ಅಚ್ಚರಿಯ ಗವಿ ಎಂದು ಹೆಸರಿಟ್ಟಿದ್ದರು, ಒಪ್ಪುವಂಥದ್ದೇ. ಆದರೆ ಎಲ್ಲ ದೋಣಿಯವರೂ ಒಂದೇ ಹೊತ್ತಿಗೆ ಇಳಿಸುತ್ತಾರೆ, ಸಂಜೆ ಆರೂವರೆಯ ದಾದರ್ ಸೇತುವೆ ನೆನಪಾಗುತ್ತದೆ. ಮುಂದಿನವರ ಬೆನ್ನುಚೀಲ ನೋಡುತ್ತ ಸುತ್ತಿ ಬಂದೆವು. ಎಲಿಫೆಂಟಾದ್ದು ಕಪ್ಪು ಬಸಾಲ್ಟ್, ಅಲ್ಲಿ ಉಳಿ ಸುತ್ತಿಗೆ ಹಿಡಿದ ಮನುಷ್ಯನ ಕೈ ಕಾಣುತ್ತದೆ. ಇಲ್ಲಿ ಬರೀ ತೊಟ್ಟಿಕ್ಕುವ ನೀರಿನ ಕೆಲಸ, ಆದರೆ ಅದನ್ನು ನೋಡಲು ಒಂದು ಕ್ಷಣ ನಿಲ್ಲುವಂತಿಲ್ಲ, ಹಿಂದಿನಿಂದ ತಳ್ಳುತ್ತಾರೆ.

ಲುವಾನ್ ಗವಿಗೆ ಬಿದಿರಿನ ದೋಣಿ, ಇಲ್ಲವೇ ಕಯಾಕ್. ಬಿದಿರಿನದೇ ತಗೊಳ್ಳಿ. ಹುಟ್ಟು ಹಾಕುತ್ತಿದ್ದವಳು ನನ್ನದೇ ವಯಸ್ಸಿನ ಹೆಂಗಸು, ತಲೆಗೆ ಶಂಕುವಿನಂಥ ಟೊಪ್ಪಿ, ಕೈಗೆ ಹೂವಿನ ಚಿತ್ತಾರದ ಗವಸು. ಬೆಟ್ಟದ ಹೊಟ್ಟೆಯಲ್ಲೇ ಒಂದು ಕಮಾನು, ಕೆಳಗೆ ಹೋಗುವಾಗ ಅವಳು ಹುಟ್ಟು ಮೇಲೆತ್ತಿದಳು. ಸೂರಿನಿಂದ ಒಂದು ಹನಿ ನನ್ನ ಕತ್ತಿಗೆ ಬಿತ್ತು, ತಣ್ಣಗೆ. ಆಚೆ ಸುತ್ತ ಗೋಡೆ, ನಡುವೆ ಬಾವಿಯಂಥ ಕೆರೆ, ಎತ್ತರದಲ್ಲಿ ಎರಡು ಮಂಗ. ಹದಿನೈದು ನಿಮಿಷಕ್ಕೆ ಹೊರಗೆ. ನೀರಿನ ಮೇಲೆ ಅಲ್ಲಲ್ಲಿ ಥರ್ಮಾಕೋಲ್ ಚೂರು ತೇಲುತ್ತಿತ್ತು. 1994ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ ಇದು, ನೋಡಿ ಬೇಜಾರಾಯಿತು.

ಕೊನೆಗೆ ತಿ ತೋಪ್ ದ್ವೀಪ. 1961ರಲ್ಲಿ ಭೂಮಿ ಸುತ್ತಿದ ಸೋವಿಯತ್ ಗಗನಯಾತ್ರಿ ಗೆರ್ಮನ್ ತಿತೋವ್ ಮರುವರ್ಷ ಹೋ ಚಿ ಮಿನ್ ಜೊತೆ ಇಲ್ಲಿಗೆ ಬಂದಿದ್ದ, ಅವನದೇ ಹೆಸರು. ತುದಿಗೆ ನಾನೂರಕ್ಕೂ ಹೆಚ್ಚು ಮೆಟ್ಟಿಲು. ನನ್ನ ಮೊಣಕಾಲು ಎಲಿಫೆಂಟಾದ 120ಕ್ಕೇ ಮುನಿಸಿಕೊಳ್ಳುತ್ತದೆ. "ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೇನೆ" ಅಂದೆ. ಗೈಡ್ ಮುಖ ಸಣ್ಣ ಮಾಡಿದ, ಆಮೇಲೆ ಒಪ್ಪಿದ. ಎಲ್ಲರೂ ಇಳಿದರು. ದೋಣಿ ತುಸು ದೂರ ಹೋಗಿ ಇಂಜಿನ್ ನಿಲ್ಲಿಸಿತು. ಅಡುಗೆಯವನು ಹಿಂದಿನ ಡೆಕ್ಕಿಗೆ ಬಂದು ಬೀಡಿ ಹಚ್ಚಿದವನು ನನ್ನನ್ನು ನೋಡಿ ಆರಿಸಿದ, ಒಂದು ಲೋಟ ಹಸಿರು ಚಹಾ ತಂದಿಟ್ಟ. ದುಡ್ಡು ತಗೊಳ್ಳಲಿಲ್ಲ. ಮಂಜು ಬೆಟ್ಟದ ಕೊರಳಿಗೆ ಇಳಿದಿತ್ತು. ಹಲಗೆಗೆ ನೀರು ಬಡಿಯುವುದು ಬಿಟ್ಟರೆ ಸದ್ದಿಲ್ಲ. ಎದುರಿನ ಬಂಡೆಯ ಸೀಳಿನಲ್ಲಿ ಬೇರು ಬಿಟ್ಟ ಒಂದು ಗಿಡದ ತುದಿ ಅಲುಗುತ್ತಿತ್ತು, ಗಾಳಿ ನಮ್ಮ ಕಡೆ ಇರಲಿಲ್ಲ. ಐವತ್ತು ನಿಮಿಷ. 48 ಡಾಲರಿನಲ್ಲಿ ನನ್ನ ಪಾಲಿಗೆ ನಲವತ್ತು ಅದಕ್ಕೇ ಸಂದಿತು.

ನಮ್ಮ ಮನೆಯವರು ಬೆವರು ಸುರಿಸಿಕೊಂಡು ಬಂದು ಮೇಲಿಂದ ತೆಗೆದ ಫೋಟೋ ತೋರಿಸಿದರು. 23 ದೋಣಿ, ಎಲ್ಲ ಬಿಳಿ. 2012ರಲ್ಲಿ ಎಲ್ಲಕ್ಕೂ ಬಿಳಿ ಬಣ್ಣವೇ ಆಗಬೇಕೆಂದು ಅಲ್ಲಿಯ ಆಡಳಿತ ಹುಕುಂ ಮಾಡಿತಂತೆ. ನಾನು ಕೂತದ್ದು ಯಾವುದರಲ್ಲಿ ಎಂದು ಕೇಳಿದೆ. ಅವರಿಗೆ ಗೊತ್ತಾಗಲಿಲ್ಲ.

ಮರಳುವಾಗ ಸೂರ್ಯಾಸ್ತ ಪಾರ್ಟಿ ಎಂದು ಬಿಸ್ಕಿಟು, ಬಾಳೆಹಣ್ಣು, ಚಮಚೆಯಷ್ಟು ವೈನ್. ಸೂರ್ಯನೇ ಇರಲಿಲ್ಲ, ಅವರಾದರೂ ಏನು ಮಾಡಿಯಾರು.

ಕೇಳಿದವರಿಗೆಲ್ಲ ಉತ್ತರ ಹೀಗೆ. ಹನೋಯ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವುದು ಬೇಡ. ಹಿಂದಿನ ರಾತ್ರಿ ಹಾಲಾಂಗ್ ಊರಲ್ಲೇ ರೂಮು ಮಾಡಿ, ಬೆಳಿಗ್ಗೆ ಅಲ್ಲಿಂದಲೇ ದೋಣಿ ಹತ್ತಿ, ದುಡ್ಡು ಹೆಚ್ಚುಕಮ್ಮಿ ಅಷ್ಟೇ ಬೀಳುತ್ತದೆ, ಮುತ್ತಿನ ಅಂಗಡಿ ತಪ್ಪುತ್ತದೆ. ರಾತ್ರಿ ದೋಣಿಯಲ್ಲಿ ಮಲಗುವುದನ್ನು ನಾನು ಮಾಡಿಲ್ಲ, ಅದನ್ನು ಮೂರನೇ ಮಹಡಿಯ ಭಟ್ಟರ ಮನೆಯಲ್ಲಿ ಕೇಳಿ. ದೋಣಿ ನಿಗದಿ ಮಾಡುವಾಗ ನೀರಿನ ಮೇಲೆ ಎಷ್ಟು ತಾಸು ಎಂದು ಬರೆಸಿಕೊಳ್ಳಿ, "ಆನ್ ಚಾಯ್" ಎಂಬುದನ್ನೂ ಬರೆಸಿ. ಮಾವಿನಮಿಡಿ ನಮ್ಮಲ್ಲಿ ಇನ್ನೂ ಒಂದು ಭರಣಿ ಇದೆ, ಹೊರಡುವ ಮುಂಚೆ ಬಂದು ಒಯ್ಯಿರಿ.