ಟ್ರೇ, ಹಾಳೆಕೊಟ್ಟೆ, ಹೆಡಿಗೆ: ಮಳೆ ಬಿಡುವ ಮೊದಲು ಸೂರಿನಡಿ ಬೆಳೆಸಿದ ಸಸಿ

ಹುಬ್ಬೆ ಮಳೆ ಹಿಡಿದಿರುವಾಗ ನಮ್ಮ ಹಿತ್ತಲಲ್ಲಿ ಮಡಿ ಮಾಡಿ ಮೆಣಸಿನಕಾಯಿ ಬೀಜ ಚೆಲ್ಲಿದರೆ, ಮೂರನೇ ದಿನಕ್ಕೆ ಆ ಬೀಜ ಅಡಿಕೆ ತೋಟದ ಬಸಿಗಪ್ಪಿನಲ್ಲಿ, ಅಂದರೆ ನೀರು ಬಸಿಯುವ ಕಾಲುವೆಯಲ್ಲಿ, ಇರುತ್ತದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋದಷ್ಟೂ ಈ ಕಥೆ ಜೋರು. ಹಾಗಂತ ಮಳೆ ಬಿಡಲಿ ಎಂದು ಕೈಕಟ್ಟಿ ಕೂರುವ ಹಾಗೂ ಇಲ್ಲ. ಹಿತ್ತಲಿಗೆ ಸಸಿ ಇಳಿಸಲು ಹದವಾದ ಹೊತ್ತು ಹಸ್ತ ಮುಗಿದು ಚಿತ್ತೆ ಹುಟ್ಟುವಾಗ, ಅಂದರೆ ಅಕ್ಟೋಬರ್ 10ರ ಆಚೀಚೆ. ಅಷ್ಟರೊಳಗೆ ಟೊಮೆಟೊ ಸಸಿಗೆ 25 ದಿನ, ಬದನೆಗೆ 30-35, ಮೆಣಸಿಗೆ 40-45 ದಿನ ತುಂಬಿರಬೇಕು. ಹಿಂದಕ್ಕೆ ಎಣಿಸಿದರೆ ಮೆಣಸಿನ ಬೀಜ ಆಗಸ್ಟ್ ಕೊನೆಗೇ ಬೀಳಬೇಕು. ಹೊರಗೆ ಆಗದ ಮಾತು, ಹಾಗಾಗಿ ಸೂರಿನಡಿ.

ಎರಡು ಮಳೆಗಾಲ ಅದೂ ಇದೂ ಮಾಡಿ ಕೈಸುಟ್ಟುಕೊಂಡ ಮೇಲೆ, ಹೋದ ವರ್ಷ ಒಂದೇ ಬೀಜವನ್ನು ಮೂರು ಪಾಲು ಮಾಡಿ ಮೂರು ಕಡೆ ಹಾಕಿದೆ: 98 ಗುಳಿಯ ಪ್ಲಾಸ್ಟಿಕ್ ಟ್ರೇಯಲ್ಲಿ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿ ಒಂದು ಪಾಲು, ಅಡಿಕೆ ಹಾಳೆಯ ಕೊಟ್ಟೆಗಳಲ್ಲಿ ಒಂದು ಪಾಲು. ಮೂರನೆಯದು ಅತ್ತೆಯವರ ಪಾಲು. ಅವರು ಅದನ್ನು ಸಗಣಿ ಹೊರುವ ಹಳೇ ಬುಟ್ಟಿಯಲ್ಲಿ, ನಮ್ಮ ಮಾತಿನಲ್ಲಿ ಹೆಡಿಗೆಯಲ್ಲಿ, ಹಾಕಿದರು.

ಟ್ರೇ ಬಗ್ಗೆ ಮೊದಲು ಹೇಳುತ್ತೇನೆ, ಯಾಕೆಂದರೆ ನನ್ನ ದುಡ್ಡು ಹೋದದ್ದು ಅಲ್ಲೇ. 5 ಕಿಲೋದ ಕೊಕೊಪೀಟ್ ಇಟ್ಟಿಗೆ ನೆನೆಸಿದರೆ ಸುಮಾರು 70 ಲೀಟರ್ ಉಬ್ಬುತ್ತದೆ, ವರ್ಷಕ್ಕೆ ಒಂದು ಧಾರಾಳ ಸಾಕು. ಆದರೆ ನೆನೆಸಿದ ಮೊದಲ ಎರಡು ನೀರು ಚೆಲ್ಲಬೇಕು. ನಾರಿನಲ್ಲಿ ಉಪ್ಪು ಉಳಿದಿದ್ದರೆ ಎಲೆಯ ಅಂಚು ಸುಟ್ಟ ಹಾಗಾಗುತ್ತದೆ. ಮೊದಲ ವರ್ಷ ಅದನ್ನು ರೋಗ ಅಂದುಕೊಂಡು ಏನೇನೋ ಸಿಂಪಡಿಸಿದ್ದೆ. ಇನ್ನು ಬೆಳಕು. ನಮ್ಮಂಥ ಹಳೇ ಮನೆಗಳ ನಡುಮನೆಯಲ್ಲಿ ಮಳೆಗಾಲದ ಮಧ್ಯಾಹ್ನಕ್ಕೂ ದೀಪ ಬೇಕು. 20 ವ್ಯಾಟಿನ ಎರಡು ಎಲ್‌ಇಡಿ ಟ್ಯೂಬ್‌ಗಳನ್ನು ಹಗ್ಗದಲ್ಲಿ ಇಳಿಬಿಟ್ಟು, ಸಸಿಯ ತಲೆಯಿಂದ ಒಂದು ಗೇಣಿಗಿಂತ ಹತ್ತಿರದಲ್ಲಿ ನಿಲ್ಲಿಸಿದೆ. ದಿನಕ್ಕೆ 14 ಗಂಟೆ ಉರಿದರೂ ಅರ್ಧ ಯೂನಿಟ್ ಚಿಲ್ಲರೆ, ಬಿಲ್ಲಿಗೆ ಹೆದರುವಂಥದ್ದಲ್ಲ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಎಂತದೇ ಇದು, ರಾತ್ರಿ ಎಂಟಾದ್ರೂ ಲೈಟು? ಇವಕ್ಕೇನು ಎಸ್ಸೆಲ್ಸಿ ಪರೀಕ್ಷೆ ಇದ್ಯಾ?"

"ಬೆಳಕಿಲ್ಲದಿದ್ರೆ ಉದ್ದ ಆಗ್ತವೆ ಅತ್ತೆ."

"ಉದ್ದ ಆಗದೆ ಗಿಡ್ಡ ಆಗ್ತಾವ ಮಾರಾಯ್ತಿ, ಸಸಿ ಅಂದಮೇಲೆ!"

ಮೊಳಕೆಯ ಮಟ್ಟಿಗೆ ಟ್ರೇಗೆ ಎದುರಿಲ್ಲ. ಬೀಜ ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಚ್ಚಲ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟೆ. ಮೆಣಸಿನ ಬೀಜ ಕೇಳುವುದು ಬೆಚ್ಚಗಿನ ಜಾಗ, 25-30 ಡಿಗ್ರಿ. ಒಲೆಯ ಪಕ್ಕ ಎಂಟನೇ ದಿನಕ್ಕೆ ತಲೆಯೆತ್ತಿದ ಅದೇ ಬೀಜ, ಜಗಲಿಯಲ್ಲಿಟ್ಟ ಕೊಟ್ಟೆಯಲ್ಲಿ ಹದಿಮೂರು ದಿನ ತೆಗೆದುಕೊಂಡಿತು. ಒಂದೇ ಎಚ್ಚರ: ಮೊದಲ ಮೊಳಕೆ ಕಂಡ ದಿನವೇ ದೀಪದಡಿ ತರಬೇಕು. ಒಂದು ಹಗಲು ತಡವಾದರೂ ಬಿಳಿ ಕಾಲು ಚಾಚಿಬಿಡುತ್ತವೆ.

ತೊಂದರೆ ಶುರುವಾಗುವುದು ಆಮೇಲೆ. ಸೆಪ್ಟೆಂಬರಿನ ನಮ್ಮ ಗಾಳಿಯಲ್ಲಿ ಒಗೆದ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ, ಕೊಕೊಪೀಟ್ ಎಲ್ಲಿ ಒಣಗುತ್ತದೆ? ದಿನಾ ನೀರು ಚಿಮುಕಿಸುತ್ತಿದ್ದೆ. ಒಂದು ಬೆಳಗ್ಗೆ ನೋಡಿದರೆ ಟ್ರೇಯ ಒಂದು ಮೂಲೆಯಲ್ಲಿ ಹನ್ನೊಂದು ಟೊಮೆಟೊ ಸಸಿ ಒಂದೇ ದಿಕ್ಕಿಗೆ ಮಲಗಿವೆ. ಎಲೆ ಇನ್ನೂ ಹಸಿರು, ಬಾಡಿಯೂ ಇಲ್ಲ. ಕುತ್ತಿಗೆ ಮಾತ್ರ, ಮಣ್ಣಿಗೆ ತಾಗುವಲ್ಲಿ, ದಾರದಷ್ಟು ಸಪೂರವಾಗಿ ಕಂದಿದೆ. ಉಗುರಿನಿಂದ ಮುಟ್ಟಿದರೆ ನೀರು. ಪಿಥಿಯಂ ಥರದ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಗಳ ಕೆಲಸ ಇದು, ಒಂದು ಗುಳಿಗೆ ಬಂದರೆ ಪಕ್ಕದ್ದಕ್ಕೆ ಹರಡಲು ಎರಡು ರಾತ್ರಿ ಸಾಕು. ಆ ಸಾಲಿನ ಪುಡಿ ಸಮೇತ ತೆಗೆದು ಎಸೆದೆ. ಅಂದಿನಿಂದ ಮೇಲಿಂದ ನೀರು ಹಾಕುವುದು ಬಂದ್. ಟ್ರೇಯನ್ನು ಪರಾತದ ನೀರಿನಲ್ಲಿ ಹತ್ತು ನಿಮಿಷ ಕೂರಿಸಿ ಎತ್ತುವುದು, ಅದೂ ಕೈಗೆ ಹಗುರ ಅನ್ನಿಸಿದಾಗ ಮಾತ್ರ. ಹಳೇ ಟೇಬಲ್ ಫ್ಯಾನ್ ಗೋಡೆಗೆ ಮುಖ ಮಾಡಿ ಓಡಿಸಿದೆ. ಮತ್ತೆ ಮಲಗಲಿಲ್ಲ. ಈಗ ಬೀಜ ಹಾಕುವ ಮೊದಲೇ ಪುಡಿಗೆ ಟ್ರೈಕೋಡರ್ಮಾ ಎಂಬ, ಇಂಥ ರೋಗಾಣುಗಳನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ ಕಲಸುತ್ತೇನೆ.

ಕರೆಂಟ್ ಮಾತ್ರ ನನ್ನ ಕೈಯಲ್ಲಿಲ್ಲ. ಮರ ಬಿದ್ದು ತಂತಿ ಹರಿದು ಮೂರು ದಿನ ಕತ್ತಲೆ. ನಾಲ್ಕನೇ ದಿನ ನೋಡಿದರೆ ಸಸಿಗಳೆಲ್ಲ ಕಿಟಕಿಯ ಕಡೆ ಕತ್ತು ಚಾಚಿ ನಿಂತಿದ್ದವು. ಟೊಮೆಟೊ ಬಚಾವು, ಅದನ್ನು ಎಲೆಯ ಬುಡದವರೆಗೆ ಹೂತರೆ ಕಾಂಡದಲ್ಲೇ ಬೇರು ಬಿಡುತ್ತದೆ. ಬದನೆ, ಮೆಣಸಿಗೆ ಆ ಸೌಲಭ್ಯ ಇಲ್ಲ.

ಹಾಳೆಕೊಟ್ಟೆಗೆ ಖರ್ಚು ಸೊನ್ನೆ, ಮೈಕೈ ನೋವು ಜಾಸ್ತಿ. ಹಾಳೆಯನ್ನು ಬೇಸಿಗೆಯಲ್ಲೇ ಹೆಕ್ಕಿ ಅಟ್ಟಕ್ಕೆ ಹಾಕಿರಬೇಕು, ಮಳೆಗಾಲದಲ್ಲಿ ಬಿದ್ದ ಹಾಳೆ ಬರೀ ಕೊಳೆ. ನೀರಲ್ಲಿ ನೆನೆಸಿ, ಚೊಂಬಿನಷ್ಟು ಅಗಲಕ್ಕೆ ಸುತ್ತಿ, ಬುಡ ಮಡಚಿ, ಬಿದಿರಿನ ಕಡ್ಡಿ ಚುಚ್ಚಿ ನಿಲ್ಲಿಸುವುದು. ನಲವತ್ತು ಕೊಟ್ಟೆಗೆ ಎರಡು ಸಂಜೆ ಹೋಯಿತು. ಅದಕ್ಕೆ ಮೊದಲ ವರ್ಷ ಪೇಪರ್ ಸುತ್ತಿ ಲೋಟ ಮಾಡಿದ್ದೆ, ಮೂರು ವಾರಕ್ಕೆ ಬೂಷ್ಟು ಹಿಡಿದು ಎತ್ತಿದ ಕಡೆ ಹರಿದವು. ಆ ಮಾತು ಬಿಡಿ. ಹಾಳೆಗೂ ಹೊರಗಿಂದ ಬೂಷ್ಟು ಬರುತ್ತದೆ, ಸಸಿಗೆ ಅದರಿಂದ ಏನೂ ಆಗಲಿಲ್ಲ.

ಒಳಗೆ ಯಾವ ಮಣ್ಣು ಎಂಬುದರ ಮೇಲೆ ಎಲ್ಲ ನಿಂತಿದೆ. ನಾನು ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಮರಳು ಸಮ ಸಮ ಬೆರೆಸಿದೆ. ಸೋಮಾರಿತನಕ್ಕೆ ಹತ್ತು ಕೊಟ್ಟೆಗೆ ಮಾತ್ರ ಹಿಂದಿನ ವರ್ಷದ ಟೊಮೆಟೊ ಮಡಿಯ ಮಣ್ಣನ್ನೇ ತುಂಬಿದೆ. ನೆಟ್ಟು ತಿಂಗಳಾಗಿ ಹೂವು ಬರುವಾಗ ಆ ಹತ್ತರಲ್ಲಿ ಆರು ಗಿಡ ಹಸಿರಿರುವಾಗಲೇ ಜೋತುಬಿದ್ದವು. ಒಂದರ ಕಾಂಡ ಕೊಯ್ದು ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿದೆ. ಎರಡು ನಿಮಿಷದಲ್ಲಿ ಕೊಯ್ದ ಬಾಯಿಂದ ಹಾಲಿನಂಥ ಎಳೆ ಹೊಗೆಯ ಹಾಗೆ ಕೆಳಕ್ಕಿಳಿಯಿತು. ದುಂಡಾಣು ಸೊರಗು ರೋಗ. ನಮ್ಮ ಹುಳಿ ಮಣ್ಣಿಗೂ ಒದ್ದೆಗೂ ಇದು ಅಂಟಿಕೊಂಡೇ ಇರುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಈ ಒಂದು ವಿಷಯದಲ್ಲಿ ಕೊಕೊಪೀಟ್‌ಗೆ ಪೂರಾ ಅಂಕ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ಸೊರಗನ್ನು ತಡೆಯುವ ತಳಿ. ನಾನು ಹಾಕಿದ್ದು ಮನೆಯಲ್ಲೇ ಎತ್ತಿಟ್ಟ ಊರ ಬೀಜ.

ಅತ್ತೆಯವರ ಹೆಡಿಗೆಯಲ್ಲಿದ್ದದ್ದು ಸುಡುಮಣ್ಣು. ಏಪ್ರಿಲ್‌ನಲ್ಲಿ ದರಗು, ಕಡ್ಡಿಕಸದ ಮೇಲೆ ಮಣ್ಣು ಮುಚ್ಚಿ ದಿನವಿಡೀ ಹೊಗೆಯಾಡಿಸಿ, ಗೋಣಿಯಲ್ಲಿ ತುಂಬಿ ಒತ್ತಟ್ಟಿಗೆ ಇಟ್ಟಿರುತ್ತಾರೆ. ರೋಗದ ಬೀಜವೂ ಕಳೆಯ ಬೀಜವೂ ಅಲ್ಲೇ ಸುಟ್ಟುಹೋಗಿರುತ್ತದೆ. ಹೆಡಿಗೆಯೊಳಗೆ ಮುತ್ತುಗದೆಲೆ ಹಾಸಿ, ಈ ಮಣ್ಣು ತುಂಬಿ, ಬೀಜವನ್ನು ಬೂದಿಯಲ್ಲಿ ಕಲಸಿ ಚೆಲ್ಲಿ, ಕೊಟ್ಟಿಗೆಯ ಸೂರಿನಂಚಿಗೆ ಎದೆಮಟ್ಟಕ್ಕೆ ತೂಗುಹಾಕಿದರು. ಮಳೆ ತಾಗದು, ಬೆಳಕು ಓರೆಯಾಗಿ ಬೀಳುತ್ತದೆ, ಕೋಳಿಗೆ ಎಟುಕದು. ಬುಡ ಕೊಳೆತು ಬಿದ್ದದ್ದು ಎಷ್ಟು ಹುಡುಕಿದರೂ ಎರಡೋ ಮೂರೋ. ಹೆಡಿಗೆಯ ಸಂದಿಯಿಂದ ನೀರು ಬಸಿದು, ಸುತ್ತಲಿಂದ ಗಾಳಿ ಆಡುವುದು ನಾನು ಫ್ಯಾನ್ ಇಟ್ಟು ಮಾಡಿದ ಕೆಲಸವೇ. ನಾನೇ ಒಂದು ಸಂಜೆ ಫೋಟೊ ತೆಗೆಯಲು ಕೆಳಗಿಳಿಸಿ ಮರೆತೆ. ಬೆಳಗಾಗುವಷ್ಟರಲ್ಲಿ ಬಸವನಹುಳು ಕಾಲು ಭಾಗ ಬದನೆ ಸಸಿಯನ್ನು ಬೋಳಿಸಿತ್ತು. ಅತ್ತೆ ಏನೂ ಅನ್ನಲಿಲ್ಲ, ಅದೇ ಕಷ್ಟ.

ಹೆಡಿಗೆಯ ದೌರ್ಬಲ್ಯ ಕೀಳುವಾಗ ಗೊತ್ತಾಗುತ್ತದೆ. ಒತ್ತೊತ್ತಾಗಿ ಹುಟ್ಟಿದ ಸಸಿಯ ಬೇರು ಹೆಣೆದುಕೊಂಡು, ಎಷ್ಟು ಮೆತ್ತಗೆ ಎಳೆದರೂ ಅರ್ಧ ಹರಿಯುತ್ತದೆ. ಸಗಣಿ ನೀರಿನಲ್ಲಿ ಅದ್ದಿ, ಸಂಜೆ ನೆಟ್ಟು, ಸೊಪ್ಪಿನ ಟೊಂಗೆ ಚುಚ್ಚಿ ನೆರಳು ಮಾಡಿದರೂ ಐದು ದಿನ ಬಾಡಿ ಮಲಗಿ ಆಮೇಲೆ ಎದ್ದವು. ಟ್ರೇ ಸಸಿ ಗುಳಿಯಿಂದ ಬೆಣೆಯ ಹಾಗೆ ಇಡಿಯಾಗಿ ಬರುತ್ತದೆ, ನೆಟ್ಟ ಮರುದಿನ ಏನೂ ಆಗದವರ ಹಾಗೆ ನಿಂತಿರುತ್ತದೆ. ಕೊಟ್ಟೆಯದ್ದೂ ಹಾಗೇ, ಬುಡವನ್ನು ಕತ್ತಿಯಿಂದ ಕೊಯ್ದು ನೆಡಬೇಕು ಅಷ್ಟೆ. ಹಾಳೆ ಮಣ್ಣಿನಲ್ಲಿ ಕರಗಲು ತಿಂಗಳುಗಟ್ಟಲೆ ಬೇಕು, ಬೇರು ಅಲ್ಲಿಯವರೆಗೆ ಕಾಯುವುದಿಲ್ಲ.

ಬಿಸಿಲಿಗೆ ಒಗ್ಗಿಸುವುದರಲ್ಲೂ ಮೂರಕ್ಕೆ ಮೂರು ಗುಣ. ದೀಪದಡಿ ಬೆಳೆದ ಟ್ರೇ ಸಸಿಯನ್ನು ನೇರ ಬಿಸಿಲಿಗಿಟ್ಟರೆ ಒಂದೇ ಮಧ್ಯಾಹ್ನಕ್ಕೆ ಎಲೆ ಕಾಗದದ ಹಾಗೆ ಬಿಳುಚುತ್ತದೆ. ಮೊದಲ ದಿನ ಬೆಳಗಿನ ಒಂದು ಗಂಟೆ, ದಿನಕ್ಕೊಂದಿಷ್ಟು ಹೆಚ್ಚಿಸುತ್ತ, ಎಂಟು-ಹತ್ತು ದಿನ. ಟ್ರೇಯನ್ನು ಒಂದೇ ಕೈಯಲ್ಲಿ ಎತ್ತಬಹುದು, ಮಳೆ ಬಂತು ಅಂದರೆ ಓಡಿ ಒಳಗೆ ತರಬಹುದು. ನಲವತ್ತು ಕೊಟ್ಟೆ ದಿನಕ್ಕೆರಡು ಸಲ ಹೊತ್ತು ನೋಡಿ, ಸೊಂಟ ಮಾತಾಡುತ್ತದೆ. ಹೆಡಿಗೆಯ ಸಸಿಗೆ ಇದ್ಯಾವುದೂ ಬೇಕಾಗಲಿಲ್ಲ, ಅದು ಮೊದಲಿಂದಲೂ ಗಾಳಿಗೆ ತೂಗಾಡಿದ್ದೇ.

ಇಷ್ಟರವರೆಗೆ ಟ್ರೇಯೇ ಗೆದ್ದಿತ್ತು. ಆದರೆ ಹೋದ ವರ್ಷ ಚಿತ್ತೆ ಮುಗಿಯುತ್ತ ಬಂದರೂ ಮಳೆ ಬಿಡಲಿಲ್ಲ. ಹಿತ್ತಲಲ್ಲಿ ಕಾಲಿಟ್ಟರೆ ಪಾದ ಹೂತುಹೋಗುವ ಕೆಸರು. 25 ದಿನಕ್ಕೆ ಇಳಿಯಬೇಕಾದ ಟೊಮೆಟೊ 44 ದಿನ ಟ್ರೇಯಲ್ಲೇ ಕೂತಿತು. ಒಂದು ಗುಳಿಯಲ್ಲಿ ಹಿಡಿಯುವುದು ಒಂದೆರಡು ಚಮಚ ಪುಡಿ, ಕೊಕೊಪೀಟ್‌ನಲ್ಲಿ ಸಾರವೂ ಇಲ್ಲ. ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ ಎರಡು ಗ್ರಾಂ ಕರಗಿಸಿ ಕೊಡುತ್ತಲೇ ಇದ್ದೆ. ಆದರೂ ಕೆಳಗಿನ ಎಲೆ ಹಳದಿಯಾಗಿ, ಬೇರು ಗುಳಿಯ ಸುತ್ತ ಸುತ್ತಿ ಸಿಂಬಿಯಾಗಿ, ಗೇಣುದ್ದದ ಗಿಡದಲ್ಲೇ ಹೂವು ಬಂತು. ನೆಟ್ಟ ಮೇಲೂ ಅವು ಮೇಲೇಳಲಿಲ್ಲ. ಕೊಟ್ಟೆಯ ಟೊಮೆಟೊ ಅದೇ 44 ದಿನಕ್ಕೆ ಮೊಣಕೈ ಎತ್ತರ ಬೆಳೆದು ಕಡುಹಸಿರಾಗಿತ್ತು, ಡಿಸೆಂಬರ್ ಮೊದಲ ವಾರವೇ ಕಾಯಿ ಕಂಡೆ. ಹೆಡಿಗೆಯ ಮೆಣಸು ಬೆಳೆಯಲೂ ಇಲ್ಲ, ಕೆಡಲೂ ಇಲ್ಲ, ಸುಮ್ಮನೆ ಕಾದಿತ್ತು. ಬಯಲುಸೀಮೆಯಲ್ಲಿ ಇಂಥ ದಿನ ನೆಡುತ್ತೇನೆ ಎಂದು ಬರೆದಿಡಬಹುದೇನೋ, ಇಲ್ಲಿ ಆ ದಿನ ಗೊತ್ತುಮಾಡುವುದು ಮಳೆ. ನಮಗೆ ಬೇಕಾದದ್ದು ಕಾಯಬಲ್ಲ ಪಾತ್ರೆ.

ನರ್ಸರಿ ಸಸಿಯೂ ಒಂದು ದಾರಿ ಅನ್ನಿ. ಒಂದು ಸಲ ಉದ್ದ ಬದನೆ ಅಂತ ತಂದದ್ದು ಗುಂಡು ಬದನೆಯಾಯಿತು. ಅದಕ್ಕಿಂತ ಹೆಚ್ಚು ಹೇಳುವಂಥದ್ದೇನಿಲ್ಲ.

ಈ ಸಲ ಟೊಮೆಟೊ, ಬದನೆಯನ್ನು ಬಚ್ಚಲ ಒಲೆಯ ಪಕ್ಕ ಟ್ರೇಯಲ್ಲಿ ಹುಟ್ಟಿಸಿ, ಎರಡು ನಿಜವಾದ ಎಲೆ ಬರುತ್ತಿದ್ದಂತೆ ಸುಡುಮಣ್ಣು ಬೆರೆಸಿದ ಕೊಟ್ಟೆಗೆ ದಾಟಿಸುತ್ತೇನೆ. ಮೆಣಸು ಅತ್ತೆಯವರ ಹೆಡಿಗೆಗೆ. ಸೌತೆ, ಹೀರೆ, ಅಲಸಂದೆಗೆ ಈ ಯಾವ ಉಪಚಾರವೂ ಬೇಡ, ಬೇರು ಅಲುಗಿದರೆ ಮುನಿಸಿಕೊಳ್ಳುವ ಜಾತಿ, ನೇರ ಮಣ್ಣಿಗೇ. ಅರವತ್ತು ಹಾಳೆ ಅಟ್ಟದಲ್ಲಿವೆ. ಟ್ಯೂಬ್‌ಲೈಟ್ ಎರಡನ್ನೂ ಅತ್ತೆ ಅಡಿಕೆ ಸುಲಿಯುವ ಜಗಲಿಗೆ ಒಯ್ದು ಕಟ್ಟಿಸಿಕೊಂಡಿದ್ದಾರೆ. ಬೀಜ ಹಾಕುವ ಹೊತ್ತಿಗೆ ಒಂದನ್ನಾದರೂ ಬಿಡಿಸಿ ತರಬೇಕು.