ಎರೆ ಭೂಮಿಯಲ್ಲಿ ಕೇಬಲ್ ಹೂಳಿಸುವವರು ಓದಿ: ಆಗಸ್ಟಿನ ರೀಡಿಂಗ್ ಮೇ ತಿಂಗಳಿಗೆ ಬರುವುದಿಲ್ಲ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್‌ಮಿಲ್ಲೋ ದೊಡ್ಡ ಪಂಪ್‌ಸೆಟ್ಟೋ ಇಟ್ಟುಕೊಂಡವರಿಗೆ ಇದು. ಕಾರಟಗಿ ಹತ್ತಿರದ ನಮ್ಮ ಮಿಲ್ಲಿನಲ್ಲಿ ಮೀಟರ್ ಕೋಣೆಯಿಂದ ಪ್ಯಾನೆಲ್‌ವರೆಗೆ ಹೂಳಿದ್ದ ಅಲ್ಯೂಮಿನಿಯಂ ಕೇಬಲ್ ಈ ಬೇಸಿಗೆ ಸುಟ್ಟುಹೋಯಿತು. ಎರಡನೇ ಬೆಳೆಯ ಭತ್ತ ಬಂದು ಮಿಲ್ಲು ಹಗಲೂ ರಾತ್ರಿ ಓಡುತ್ತಿದ್ದ ಹೊತ್ತು. ಅಷ್ಟೇ ಆಗಿದ್ದರೆ ದುಡ್ಡು ಹೋಯಿತು ಎಂದು ಸುಮ್ಮನಿರುತ್ತಿದ್ದೆ. ಅದೇ ವಾರ ಎಲಿವೇಟರ್ ಮೋಟಾರಿನ ಬಾಡಿ ಮುಟ್ಟಿದ ಹಮಾಲರೊಬ್ಬರಿಗೆ ಕರೆಂಟ್ ಹೊಡೆಯಿತು. ಚೀಲಗಳ ಮೇಲೆ ಬಿದ್ದು ಬದುಕಿಕೊಂಡರು.

ಕೆಲಸ ಮಾಡಿದ ಗುತ್ತಿಗೆದಾರ ಅಂದು ಹೇಳಿದ್ದು: “ಎರಿ ಭೂಮಿ ಅಂದ್ರ ತಂಪು ಭೂಮಿ ಸಾವ್ಕಾರ್ರ, ಕೇಬಲ್ ಇದರಾಗ ಆರಾಮ ಇರತೈತಿ. ಉಸುಕು ಗಿಸುಕು ಸುಮ್ನ ಖರ್ಚು.” ಆಗಸ್ಟಿನಲ್ಲಿ ತಗ್ಗು ತೋಡಿಸಿ, ಅದೇ ಹೆಂಟೆ ಮಣ್ಣು ಮುಚ್ಚಿಸಿ, ಅರ್ಥಿಂಗ್ (ಬಾಡಿಗೆ ಇಳಿದ ಕರೆಂಟನ್ನು ನೆಲಕ್ಕೆ ಕಳಿಸುವ ರಾಡಿನ ಜೋಡಣೆ) 4 ಓಮ್ ಎಂದು ಬರೆದುಕೊಟ್ಟು ಬಿಲ್ ವಸೂಲಿ ಮಾಡಿಕೊಂಡು ಹೋದ. ರೀಡಿಂಗ್ ಸುಳ್ಳಲ್ಲ. ಮಳೆಗಾಲದ ಎರೆ ಮಣ್ಣು ಕರೆಂಟನ್ನೂ ಸಾಗಿಸುತ್ತದೆ, ಬಿಸಿಯನ್ನೂ ಸಾಗಿಸುತ್ತದೆ. ಆ ತಿಂಗಳಲ್ಲಿ ಅಳೆದದ್ದೇ ಮೋಸ.

ಕೇಬಲ್ಲಿನ ಬಿಸಿ ಹೊರಹೋಗಲು ಮಣ್ಣಿನ ಕಣಗಳ ನಡುವೆ ನೀರಿರಬೇಕು. ನೀರು ಆರಿದ ಜಾಗಕ್ಕೆ ಗಾಳಿ ಸೇರುತ್ತದೆ, ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಲೋಡಿನಲ್ಲಿರುವ ಕೇಬಲ್ ಸುತ್ತಲಿನ ತೇವವನ್ನು ತಾನೇ ಆಚೆ ಅಟ್ಟುತ್ತದೆ. ಮಣ್ಣು ಒಣಗಿದಷ್ಟೂ ಕೇಬಲ್ ಇನ್ನಷ್ಟು ಕಾಯುತ್ತದೆ. ಎರೆಯಲ್ಲಿ ಇಷ್ಟಕ್ಕೆ ನಿಲ್ಲುವುದಿಲ್ಲ. ಅದರೊಳಗಿನ ಮಾಂಟ್‌ಮೊರಿಲ್ಲೋನೈಟ್ ಜೇಡಿ ಒಣಗುತ್ತ ಕುಗ್ಗುತ್ತದೆ. ಹೊಲದ ಬಿರುಕಿನಲ್ಲಿ ಕುಡುಗೋಲು ಬಿದ್ದರೆ ಕೈಗೆ ಸಿಗದು, ನೋಡಿಯೇ ಇರುತ್ತೀರಿ. ಕೇಬಲ್ ಹೂಳುವ ಎರಡೂವರೆ ಅಡಿ ಆಳ ಆ ಬಿರುಕಿಗೆ ಯಾವ ಲೆಕ್ಕ? ನಾವು ಅಗೆದಾಗ ಕೇಬಲ್ ಸುತ್ತ ಬೆರಳು ತೂರುವಷ್ಟು ಸಂದಿತ್ತು. ಸುಟ್ಟಿದ್ದು ಜಾಯಿಂಟ್ ಇದ್ದಲ್ಲಿ. ಮಣ್ಣು ಉಬ್ಬಿ ಕುಗ್ಗಿ ಅದನ್ನು ಎಳೆದಾಡಿತ್ತು.

ಕಂಪನಿಗಳ ಪಟ್ಟಿಯಲ್ಲಿ ಕೇಬಲ್ ಇಷ್ಟು ಆಂಪಿಯರ್ ತಡೆಯುತ್ತದೆ ಎಂದು ಬರೆಯುವುದು ನೆಲದ ಬಿಸಿ 30 ಡಿಗ್ರಿ, ಮಣ್ಣಿನ ಉಷ್ಣರೋಧ, ಅಂದರೆ ಬಿಸಿಯನ್ನು ಮಣ್ಣು ಎಷ್ಟು ತಡೆಯುತ್ತದೆ ಎಂಬ ಅಳತೆ, 150 ಎಂದು ಹಿಡಿದು. ಒಣ ಜೇಡಿಯಲ್ಲಿ ಆ 150 ಎಂಬುದು 250 ದಾಟಬಹುದು. ಆಗ ಕೇಬಲ್ಲಿನ ತಾಕತ್ತಿನಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಕೈಬಿಡಬೇಕು. ನಮ್ಮವ ಆ ಪುಟ ತೆರೆದೇ ಇರಲಿಲ್ಲ.

ಅರ್ಥಿಂಗ್ ರಾಡಿನ ಸುತ್ತಲೂ ಇದೇ ಕಥೆ. ಮೇ ತಿಂಗಳಲ್ಲಿ ಬೇರೆಯವರಿಂದ ಅಳೆಸಿದಾಗ 50 ಓಮ್ ಮೀರಿತ್ತು. ಮೋಟಾರಿನ ಬಾಡಿಗೆ ಕರೆಂಟ್ ಇಳಿದಾಗ, 230 ವೋಲ್ಟಿಗೆ 4 ಓಮ್ ಇದ್ದರೆ 57 ಆಂಪಿಯರ್ ಹರಿದು ಸಣ್ಣ ಮೋಟಾರಿನ ಫ್ಯೂಸ್ ಹಾರುತ್ತದೆ. 50 ಓಮಿಗೆ 5 ಆಂಪಿಯರ್ ಕೂಡ ಇಲ್ಲ. ಫ್ಯೂಸ್ ಹಾರುವುದಿಲ್ಲ, ಬಾಡಿಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ.

ಹಳೇ ಗುತ್ತಿಗೆದಾರನಿಗೆ ಫೋನ್ ಮಾಡಿದರೆ “ಅರ್ಥಿಂಗ್ ಗುಂಡಿಗೆ ನೀರು ಹೊಡೀರಿ” ಅಂದ. ಮೊದಲ ಕೊಡಗಳೆಲ್ಲ ಬಿರುಕು ಹಿಡಿದು ಎಲ್ಲಿಗೋ ಹೋದವು. ಆಮೇಲೆ ಮೇಲ್ಪದರ ಉಬ್ಬಿ ಬಾಯಿ ಮುಚ್ಚಿಕೊಂಡು ನೀರು ಮೇಲೆಯೇ ನಿಂತಿತು, ಕೆಳಗೆ ರಾಡು ಒಣಗಿಯೇ ಇತ್ತು. ಕೊನೆಗೆ ರಾಡಿನ ಸುತ್ತ ತುಂಬುವ ಬೆಂಟೋನೈಟ್ ಪುಡಿಯ ಚೀಲ ಮಾರಲು ಬಂದ! ಅದೂ ಇದೇ ಜೇಡಿಯ ಜಾತಿ. ಒಣಗಿದರೆ ಅದೂ ಕುಗ್ಗಿ ರಾಡನ್ನು ಬಿಟ್ಟು ಸರಿಯುತ್ತದೆ.

ಈಗ ಬೇರೆಯವರಿಂದ ಮಾಡಿಸಿದ್ದೇವೆ: ಕೇಬಲ್ ಸುತ್ತ ಮರಳು, ಕ್ರಷರ್ ಪುಡಿ ಬೆರೆಸಿ ಧಮ್ಮಸ್ಸು; ನಡುವೆ ಜಾಯಿಂಟ್ ಇಲ್ಲ; ತುದಿಗಳಲ್ಲಿ ಸಡಿಲ ಸುತ್ತು. ರಾಡುಗಳು ವರ್ಷವಿಡೀ ತೇವ ಇರುವ ಆಳಕ್ಕೆ ಇಳಿದಿವೆ, ಒಂದಕ್ಕೊಂದು ಜೋಡಿಸಿದೆ. ಜೊತೆಗೆ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು), ಇದನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ. ಕೊನೆಯ ಕಂತು ಮೇ ತಿಂಗಳ ರೀಡಿಂಗ್ ನೋಡಿದ ಮೇಲೆ ಎಂದು ಕರಾರಿನಲ್ಲೇ ಬರೆಸಿ.

ಜೂನಿನ ಮಳೆ ಬಿದ್ದ ಮೇಲೆ ಇಂಥವರು ಮೀಟರ್ ಹಿಡಿದು ಮತ್ತೆ ಬರುತ್ತಾರೆ, “ನೋಡ್ರಿ, ಸರಿ ಐತಲ್ಲ” ಎಂದು ನಾಲ್ಕೋ ಐದೋ ಓಮ್ ತೋರಿಸುತ್ತಾರೆ. ಆ ಕಾಗದಕ್ಕೆ ಸಹಿ ಹಾಕಬೇಡಿ.